ಕೀಳುವ ಮುನ್ನ ನೋಡಬೇಕಾದ ಎರಡು ಮಿಲಿಮೀಟರ್

“ಕಿತ್ ತೆಗ್ದ್‌ಬಿಡಿ ಡಾಕ್ಟ್ರೆ, ತಡ್ಕಂಬುಕ್ ಆತಿಲ್ಲೆ.” ತೆಕ್ಕಟ್ಟೆ, ಕೋಟ, ಕುಂಭಾಶಿಯ ಕಡೆಯವರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಕೂಡಲೇ ಹೇಳುವ ಮಾತು ಹೆಚ್ಚಾಗಿ ಇದೇ. ಅಷ್ಟರಲ್ಲಿ ಲವಂಗದೆಣ್ಣೆ ಮುಗಿದಿರುತ್ತದೆ, ಮೆಡಿಕಲ್ ಅಂಗಡಿಯ ಗುಳಿಗೆ ನಾಟದೆ ಹೋಗಿರುತ್ತದೆ, ಮನೆಮಂದಿಯೆಲ್ಲ ನಿದ್ದೆ ಕೆಟ್ಟಿರುತ್ತಾರೆ. ಆ ಸಂಕಟವನ್ನು ಹಗುರವಾಗಿ ಕಾಣುವವರು ಹಲ್ಲುನೋವು ಉಂಡವರಲ್ಲ. ಆದರೂ ಹಲ್ಲಿನ ಹಣೆಬರಹವನ್ನು ನೋವಿನ ಕೈಗೆ ಕೊಡುವ ಈ ರೂಢಿಗೆ ನನ್ನ ವಿರೋಧವಿದೆ.

ಯಾಕೆಂದರೆ ನೋವು ಹಲ್ಲಿನ ಗಟ್ಟಿತನವನ್ನು ಹೇಳುವುದಿಲ್ಲ. ರಾತ್ರಿಯಿಡೀ ಮಿಡಿಯುವ ದವಡೆ ಹಲ್ಲಿನ ಒಳಗಿನ ನರ ಹೆಚ್ಚಾಗಿ ಇನ್ನೂ ಜೀವಂತವಾಗಿ ಉರಿಯುತ್ತಿರುತ್ತದೆ. ಹೊರಗಿನ ಗೋಡೆಗಳು ಬಹುಪಾಲು ನಿಂತೇ ಇರಬಹುದು. ಅಂಥ ಹಲ್ಲನ್ನು ಉಳಿಸುವುದು ಸುಲಭ. ಇನ್ನೊಂದು ಕಡೆ, ನರ ಸತ್ತು ವರ್ಷಗಳಾಗಿ ವಸಡಿನ ಮಟ್ಟಕ್ಕೆ ಮುರಿದ ಬೇರು ಒಂದಿಷ್ಟೂ ನೋಯದೆ ಕೂತಿರುತ್ತದೆ. ಅದನ್ನು ಯಾರೂ ಕೀಳಿಸಿಕೊಳ್ಳಲು ಬರುವುದಿಲ್ಲ. ಹೀಗೆ ಉಳಿಯಬೇಕಾದದ್ದು ಹೋಗುತ್ತದೆ, ಹೋಗಬೇಕಾದದ್ದು ಉಳಿಯುತ್ತದೆ.

ನೋಡಬೇಕಾದದ್ದು ಬೇರೆ. ಹುಳುಕನ್ನೆಲ್ಲ ಕೆರೆದು ತೆಗೆದ ಮೇಲೆ ವಸಡಿನಿಂದ ಮೇಲಕ್ಕೆ, ಹಲ್ಲಿನ ಸುತ್ತಲೂ, ಎಷ್ಟು ಗಟ್ಟಿ ಹಲ್ಲು ಮಿಕ್ಕಿದೆ? ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದರೆ ಕ್ಯಾಪ್ ಅದನ್ನು ಸುತ್ತಿ ಹಿಡಿಯಬಲ್ಲದು. ಭತ್ತ ಕುಟ್ಟುವ ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕುತ್ತಿದ್ದುದು ಮರ ಸೀಳದಿರಲೆಂದು. ಕ್ಯಾಪಿನ ಕೆಲಸವೂ ಅದೇ. ಬಳೆ ಕೂರಲು ಮರವೇ ಇಲ್ಲದಿದ್ದರೆ ಬೇರಿನೊಳಗೆ ಎಂಥ ಕಡ್ಡಿ ನೆಟ್ಟರೂ ಅದು ಕಳಚುತ್ತದೆ, ಇಲ್ಲವೇ ಬೇರನ್ನೇ ಸೀಳುತ್ತದೆ. ಇದರ ಜೊತೆಗೆ ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಮೂಳೆ ಎಷ್ಟಿದೆ, ಹಲ್ಲು ಎಷ್ಟು ಅಲ್ಲಾಡುತ್ತಿದೆ ಎಂಬುದನ್ನೂ ನೋಡಬೇಕು. ಬೇರು ಮೇಲಿನಿಂದ ಕೆಳಗೆ ಉದ್ದಕ್ಕೆ ಸೀಳಿದ್ದರೆ ಚರ್ಚೆ ಮುಗಿಯಿತು, ಆ ಹಲ್ಲನ್ನು ಕೀಳಲೇಬೇಕು.

ಹಾಗಾದರೆ ರೂಟ್ ಕೆನಾಲ್ ಮಾಡಿಸಿದ ಹಲ್ಲು ಎಷ್ಟು ಕಾಲ ಬಾಳುತ್ತದೆ? ಅಮೆರಿಕದಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಹಲ್ಲುಗಳ ದಾಖಲೆ ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಂಟು ವರ್ಷಗಳ ನಂತರವೂ ಶೇ. 97ರಷ್ಟು ಬಾಯಲ್ಲೇ ಇದ್ದವು. ಅದು ಅಲ್ಲಿನ ವಿಮೆ ಇದ್ದವರ ಲೆಕ್ಕ, ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ನಮ್ಮ ಊರಿಗೆಂದೇ ಬರೆದಂತಿದೆ: ಕಿತ್ತುಹೋದ ಹಲ್ಲುಗಳಲ್ಲಿ ಶೇ. 85ರಷ್ಟಕ್ಕೆ ಪೂರ್ತಿ ಕ್ಯಾಪ್ ಇರಲಿಲ್ಲ.

ನಮ್ಮಲ್ಲಿ ಎಡವುವುದೂ ಇಲ್ಲೇ. ಎರಡು ಮೂರು ಸಲ ಕರೆಸಿ ರೂಟ್ ಕೆನಾಲ್ ಮುಗಿಸುತ್ತಾರೆ, ನೋವು ಹೋಗುತ್ತದೆ. “ಇನ್ನು ಕ್ಯಾಪ್ ಹಾಕಿಸಬೇಕು” ಎಂದಾಗ ಅದು ಹೊಸ ಖರ್ಚಾಗಿ ಕೇಳಿಸುತ್ತದೆ. ಮಳೆಗಾಲ ಕಳೆಯಲಿ, ಗದ್ದೆ ಕೊಯ್ಲಾಗಲಿ, ಬೊಂಬಾಯಿಯಿಂದ ದುಡ್ಡು ಬರಲಿ ಎಂದು ದಿನ ದೂಡುತ್ತಾರೆ. ಅಷ್ಟರಲ್ಲಿ ಒಳಗೆ ಟೊಳ್ಳಾದ ಹಲ್ಲು ಅಡಿಕೆ ಹೋಳಿಗೋ ಮೀನಿನ ಮುಳ್ಳಿಗೋ ಎರಡಾಗಿ ಒಡೆಯುತ್ತದೆ. ಆಮೇಲೆ ಕೇರಿಯಲ್ಲೆಲ್ಲ ಒಂದೇ ಮಾತು: ರೂಟ್ ಕೆನಾಲ್ ಮಾಡಿಸಿದರೆ ಹಲ್ಲು ನಿಲ್ಲುವುದಿಲ್ಲ. ಆ ಹಲ್ಲು ಕ್ಯಾಪ್ ಇಲ್ಲದೆ ಒಡೆಯಿತು ಎಂಬ ಸಂಗತಿಯನ್ನು ಯಾರೂ ಸೇರಿಸುವುದಿಲ್ಲ. ಇದರಲ್ಲಿ ಕ್ಲಿನಿಕ್ಕುಗಳ ಪಾಲೂ ಇದೆ. ಮೊದಲು ಅಗ್ಗವಾಗಿ ಕಾಣಲೆಂದು ರೂಟ್ ಕೆನಾಲಿಗೊಂದು, ಕ್ಯಾಪಿಗೊಂದು ಬೇರೆ ಬೇರೆ ದರ ಹೇಳುವುದು ಅನ್ಯಾಯ. ದವಡೆ ಹಲ್ಲಿನ ಮಟ್ಟಿಗೆ ಅವೆರಡೂ ಸೇರಿ ಒಂದೇ ಚಿಕಿತ್ಸೆ. ಒಟ್ಟು ಮೊತ್ತವನ್ನು ಮೊದಲ ದಿನವೇ ಹೇಳಬೇಕು. ಅದು ಕೈಗೆಟುಕದು ಎಂದಾದರೆ, ಅರ್ಧ ಉಳಿಸಿ ಒಡೆಸಿಕೊಳ್ಳುವುದಕ್ಕಿಂತ ಆ ದಿನವೇ ಕೀಳಿಸುವುದನ್ನು ನಾನು ಹೆಚ್ಚು ಪ್ರಾಮಾಣಿಕ ಎನ್ನುತ್ತೇನೆ.

ಕೀಳಿಸುವುದೇ ಅಗ್ಗ ಎಂಬ ಲೆಕ್ಕವೂ ಆ ದಿನದ ಮಟ್ಟಿಗೆ ಮಾತ್ರ ಸರಿ. ಹಲ್ಲು ಕಿತ್ತ ಜಾಗದ ದವಡೆಮೂಳೆ ಒಂದು ವರ್ಷದಲ್ಲಿ ಅಗಲದ ಅರ್ಧದಷ್ಟು ಕರಗಬಲ್ಲದು, ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದು ಉದ್ದವಾಗಿ ಇಳಿಯುತ್ತದೆ. ಜನ ಒಂದೇ ಬದಿಯಲ್ಲಿ ಅಗಿಯುವುದಕ್ಕೆ ಒಗ್ಗಿಕೊಳ್ಳುತ್ತಾರೆ. ಮುಂದೆ ಬ್ರಿಡ್ಜ್ ಎಂದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲನ್ನು ಉಜ್ಜಿ ಸಣ್ಣದು ಮಾಡಬೇಕು. ಇಂಪ್ಲಾಂಟ್ ಎಂದರೆ ರೂಟ್ ಕೆನಾಲ್, ಕ್ಯಾಪ್ ಎರಡೂ ಸೇರಿದ್ದಕ್ಕಿಂತ ಹೆಚ್ಚು ದುಡ್ಡು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ ತಂದದ್ದು ಒಳ್ಳೆಯ ಕೆಲಸವೇ. ಆದರೆ ಅದು ಹಲ್ಲು ಹೋದ ಮೇಲೆ ಸಿಗುವ ಭಾಗ್ಯ. ಉಳಿಸಬಹುದಾದ ಹಲ್ಲಿನ ಕ್ಯಾಪಿನ ದುಡ್ಡು ಹೆಚ್ಚಾಗಿ ಮನೆಯವರ ಕಿಸೆಯಿಂದಲೇ ಬರಬೇಕು.

ಹಾಗೆಂದು ಕೀಳಲೇಬೇಕಾದ ಹಲ್ಲನ್ನು ಹೆದರಿ ಉಳಿಸಿಕೊಳ್ಳುವುದೂ ಸರಿಯಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಆ ಹೆದರಿಕೆಯಿಂದ ಕೀವುಗಟ್ಟಿದ ಹಲ್ಲನ್ನು ಬಾಯಲ್ಲೇ ಇಟ್ಟುಕೊಳ್ಳುವುದು ಅಪಾಯ.

ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸುವುದು ಮಕ್ಕಳ ಆರನೇ ವರ್ಷದ ದವಡೆ ಹಲ್ಲು. ಹಾಲುಹಲ್ಲು ಯಾವುದೂ ಬೀಳದೆ, ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಅದೂ ಹಾಲುಹಲ್ಲೇ, ಬಿದ್ದು ಬೇರೆ ಬರುತ್ತದೆ ಎಂದು ತಂದೆತಾಯಿ ಸುಮ್ಮನಿರುತ್ತಾರೆ. ಹತ್ತನೇ ವಯಸ್ಸಿಗೆ ಅದರ ಮಧ್ಯೆ ಗುಂಡಿ, ಹದಿನಾಲ್ಕಕ್ಕೆ ನೋವು, ಆಮೇಲೆ ಕೀಳಿಸುವುದು. ಅದು ಜೀವನಪೂರ್ತಿ ಬಾಳಬೇಕಾದ ಹಲ್ಲು, ಅಗಿಯುವುದರ ಮುಖ್ಯ ಭಾರ ಹೊರುವಂಥದ್ದು. ಹದಿನಾಲ್ಕರ ಹುಡುಗಿಯ ಅಂಥ ಹಲ್ಲಿಗೂ ಎಪ್ಪತ್ತರ ಅಜ್ಜಿಯ ಅಲ್ಲಾಡುವ ಹಲ್ಲಿಗೂ ಒಂದೇ ಇಕ್ಕಳ ಹಿಡಿಯುವುದು ನ್ಯಾಯವಲ್ಲ. ಅಜ್ಜಿಗೆ ಎದುರು ಹಲ್ಲೇ ಇಲ್ಲದಿದ್ದರೆ, ಸಕ್ಕರೆ ಕಾಯಿಲೆಯಿಂದ ವಸಡು ಸೋತಿದ್ದರೆ, ಕೀಳುವುದೇ ಉಪಕಾರ. ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಹುಡುಗಿಯ ಹಲ್ಲಿಗಾದರೋ ಉಡುಪಿಯಲ್ಲಿ ಬಸ್ ಬದಲಿಸಿ ಮಣಿಪಾಲಕ್ಕೆ ಹೋಗುವಷ್ಟು ಹಟ ಬೇಕು. ಅಲ್ಲಿನ ದಂತ ವೈದ್ಯಕೀಯ ಕಾಲೇಜು 1965ರಿಂದ ಇದೆ, ಬೇರಿನ ಚಿಕಿತ್ಸೆಗೆಂದೇ ಓದಿದವರು ಅಲ್ಲಿದ್ದಾರೆ.

ಬೆಂಗಳೂರು, ಬೊಂಬಾಯಿಯ ಹೋಟೆಲಿನಿಂದ ಹಬ್ಬಕ್ಕೋ ಕೋಲಕ್ಕೋ ಊರಿಗೆ ಬಂದವರ ಕಷ್ಟ ಬೇರೆ. ರಜೆ ಮುಗಿಯುತ್ತಿದೆ, ಇಷ್ಟು ಸಲ ಬರಲಾಗದು, ಕಿತ್ತೇ ಬಿಡಿ ಎನ್ನುತ್ತಾರೆ. ಅವರಿಗೂ ದಾರಿಯಿದೆ. ಒಂದೇ ಸಲ ಕೂತರೆ ಕೊಳೆತ ನರವನ್ನು ತೆಗೆದು, ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ ನೋವು ನಿಲ್ಲಿಸಬಹುದು. ಎಕ್ಸ್‌ರೇಯನ್ನೂ ಮಾಡಿದ ಕೆಲಸದ ಚೀಟಿಯನ್ನೂ ಕೇಳಿ ತೆಗೆದುಕೊಂಡು, ಕೆಲವೇ ವಾರಗಳೊಳಗೆ, ಕೆಲಸದ ಊರಿನಲ್ಲೇ ಮಿಕ್ಕದ್ದನ್ನು ಮಾಡಿಸಿ ಕ್ಯಾಪ್ ಹಾಕಿಸಿಕೊಳ್ಳಲಿ. ಆ ಚೀಟಿ ಕೊಡುವುದು ಇಲ್ಲಿನ ಡಾಕ್ಟರ ಹೊಣೆ.