ಪೆಟ್ಟಿಗೆ ಮುಚ್ಚಿದ ಮೇಲೆ

ಮೊದಲು ತಂಬೂರಿ. ಅದರ ಮೇಲೆ ಒಂದು ಹೆಣ್ಣುದನಿ. ಬೇರೆ ಯಾರೂ ಇಲ್ಲ. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಊರಿನ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡ ‘ಜ್ಯೋತಿ’ ಎಂಬ ರೆಕಾರ್ಡು ಶುರುವಾಗುವುದು ಹೀಗೆ. ಹೊರತಂದದ್ದು ಮ್ಯೂನಿಕ್‌ನ ಇಸಿಎಂ, ಜಾಜ್ ಕೇಳುವವರು ಕಣ್ಣಿಗೊತ್ತಿಕೊಳ್ಳುವ ಕಂಪನಿ. ಹಾಡಿದವರು ಬೆಂಗಳೂರಿನ ಆರ್.ಎ. ರಮಾಮಣಿ. ಅಂಗಡಿಗಳಲ್ಲಿ ಇದನ್ನು ಜಾಜ್ ಸಾಲಿನಲ್ಲೇ ಇಡುತ್ತಾರೆ. ಆದರೆ ಮೊದಲ ಹಾಡು ಮುಗಿಯುವವರೆಗೆ ಜಾಜ್‌ನ ಸುಳಿವೇ ಸಿಗುವುದಿಲ್ಲ. ಸಾಧನೆ ಮಾಡಿದ ಕಂಠವೊಂದು ತನ್ನ ಷಡ್ಜದ ಮೇಲೆ ನಿಂತು ಸುತ್ತಲೂ ನೋಡುತ್ತದೆ, ಅಷ್ಟೆ.

ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಇದನ್ನು ಹಾಕುವುದು ರಾತ್ರಿ ಹತ್ತರ ಮೇಲೆ, ರಸ್ತೆಯಲ್ಲಿ ಬೈಕುಗಳ ಸದ್ದು ಅಡಗಿದ ಮೇಲೆ. ತಂಬೂರಿಯ ಸಣ್ಣ ಝೇಂಕಾರ ಗದ್ದಲದಲ್ಲಿ ಕಳೆದುಹೋದರೆ ಈ ರೆಕಾರ್ಡಿನ ಅರ್ಧ ಕಳೆದುಹೋದಂತೆ.

ಈ ರೆಕಾರ್ಡಿಗೆ ಮರಳುವ ಮೊದಲು ಕೆಲವು ವಾರ ನಾನು ಕೇಳುತ್ತಿದ್ದದ್ದು ಪಿಯಾನೋ ಮುಂದೆ ಕೂತು ತಾವೇ ನುಡಿಸುತ್ತ ತಾವೇ ಹಾಡುವವರನ್ನು. ನ್ಯಾಟ್ ಕಿಂಗ್ ಕೋಲ್ ಮೊದಲು ಹೆಸರಾದದ್ದು ಪಿಯಾನೋ ವಾದಕನಾಗಿ, ಹಾಡು ಆಮೇಲೆ ಅದನ್ನು ನುಂಗಿತು. ನೀನಾ ಸಿಮೋನ್ ಶಾಸ್ತ್ರೀಯ ಪಿಯಾನೋ ವಾದಕಿಯಾಗಬೇಕೆಂದು ಹೊರಟವಳು. 1954ರಲ್ಲಿ ಅಟ್ಲಾಂಟಿಕ್ ಸಿಟಿಯ ಬಾರೊಂದರಲ್ಲಿ ಕೆಲಸಕ್ಕೆ ಸೇರಿದಾಗ, ಹಾಡಿದರೆ ಮಾತ್ರ ಕೆಲಸ ಉಳಿಯುತ್ತದೆ ಎಂದದ್ದಕ್ಕೆ ಹಾಡತೊಡಗಿದಳು. ನನಗೆ ಎಲ್ಲರಿಗಿಂತ ಹತ್ತಿರದವಳು ಶರ್ಲಿ ಹಾರ್ನ್. ಇನ್ನು ನಿಂತೇಹೋಯಿತೇನೋ ಎನ್ನುವಷ್ಟು ನಿಧಾನಗತಿ ಅವಳದು. ಹಾಗೆ ಹಾಡುವವಳಿಗೆ ಬೇರೆಯವರು ಸಾಥ್ ಕೊಡುವುದು ಕಷ್ಟ. ಉಸಿರು ಎಲ್ಲಿ ಬೀಳುತ್ತದೆ, ಮಾತು ಎಲ್ಲಿ ತಡೆಯುತ್ತದೆ ಎಂಬುದು ಆ ಗಂಟಲಿಗೂ ಆ ಬೆರಳಿಗೂ ಮಾತ್ರ ಗೊತ್ತು. ಎರಡೂ ಒಂದೇ ಮೈಯಲ್ಲಿದ್ದರೆ ಮಾತ್ರ ಅಂಥ ಮೌನ ಸಾಧ್ಯ.

ಇವರನ್ನು ಕೇಳುವಾಗಲೆಲ್ಲ ನನಗೆ ನೆನಪಾಗುವವರು ನಮ್ಮ ಸೋದರಮಾವ. ಅವರು ಕಂಪನಿ ನಾಟಕಗಳಿಗೆ ಪೆಟ್ಟಿಗೆ ನುಡಿಸುತ್ತಿದ್ದರು. ನಮ್ಮ ಕಡೆ ಹಾರ್ಮೋನಿಯಂಗೆ ಪೆಟ್ಟಿಗೆ ಎಂದೇ ಹೆಸರು. ಅವರದು ಕಾಲಲ್ಲಿ ತಿದಿ ಒತ್ತುವ ಪೆಟ್ಟಿಗೆ, ಎರಡೂ ಕೈ ಖಾಲಿ. ನಾಟಕ ಕಂಪನಿಗಳು ದಾವಣಗೆರೆಯಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದ ಕಾಲ. ನಾನು ಹುಡುಗ, ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಬೆರಳುಗಳನ್ನೇ ನೋಡುತ್ತಿದ್ದೆ. ನಟಿ ಯಾವ ಸ್ವರಕ್ಕೆ ಹೋಗುತ್ತಾಳೋ ಅದಕ್ಕೆ ಅರೆಕ್ಷಣ ಮೊದಲೇ ಅವರ ಬೆರಳು ಅಲ್ಲಿರುತ್ತಿತ್ತು. ಅವಳು ಕರಿ ಎರಡರ ಶ್ರುತಿಗೆ ಹಾಡುತ್ತಿದ್ದವಳು ಗಂಟಲು ಕಟ್ಟಿದ ದಿನ ಕಣ್ಸನ್ನೆ ಮಾಡಿದರೆ ಸಾಕು, ಮಾವ ಒಂದು ಮನೆ, ಅಂದರೆ ಪೆಟ್ಟಿಗೆಯ ಒಂದು ಕೀಲಿ, ಇಳಿಸಿಬಿಡುತ್ತಿದ್ದರು. ಆದರೆ ಆಲಾಪದ ಒಂದೊಂದು ಕಡೆ ಅವರು ಕೈ ಎತ್ತಿಬಿಡುತ್ತಿದ್ದರು. ಒಂದೇ ಸ್ವರ ಹಿಡಿದ ಎಡಗೈ ಬಿಟ್ಟರೆ ಉಳಿದದ್ದೆಲ್ಲ ಮೌನ. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು, “ಅಕಿ ಈಗ ಎರಡು ಮನಿ ನಡುವೆ ಹೊಂಟಾಳಪ್ಪಾ. ಅಲ್ಲಿ ನನ್ನ ಬೆರಳಿಗೆ ಜಾಗ ಇಲ್ಲ.”

ಆ ಮಾತಿನ ಹಿಂದಿನ ಲೆಕ್ಕ ನನಗೆ ತಿಳಿದದ್ದು ತುಂಬ ತಡವಾಗಿ. ಪಿಯಾನೋದಲ್ಲೂ ಪೆಟ್ಟಿಗೆಯಲ್ಲೂ ಒಂದು ಸಪ್ತಕವನ್ನು 12 ಸಮಪಾಲು ಮಾಡಿರುತ್ತಾರೆ. ಯಾವ ಶ್ರುತಿಯಿಂದ ಶುರುಮಾಡಿದರೂ ಒಂದೇ ಥರ ಕೇಳಲಿ ಎಂಬ ಅನುಕೂಲಕ್ಕೆ ಮಾಡಿಕೊಂಡ ರಾಜಿ ಅದು. ಒಂದು ಪಾಲನ್ನು ಮತ್ತೆ 100 ಸೆಂಟ್ ಎಂದು ಭಾಗಿಸಿ ನೋಡಿದರೆ, ಪಿಯಾನೋದ ಪಂಚಮ ಸಹಜ ಪಂಚಮಕ್ಕಿಂತ ಎರಡೇ ಸೆಂಟ್ ಕೆಳಗೆ. ಅದು ಕಿವಿಗೆ ಬೀಳುವುದಿಲ್ಲ. ಆದರೆ ಅಂತರ ಗಾಂಧಾರ ಸುಮಾರು 14 ಸೆಂಟ್ ಮೇಲೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯನ್ನು ಮೀಟಿದರೆ ಅದರೊಳಗಿಂದ ಗಾಂಧಾರವೊಂದು ತಾನಾಗಿ ಹುಟ್ಟುತ್ತದೆ. ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದರ ಪಕ್ಕದಲ್ಲಿ ಪಿಯಾನೋದ ಗಾಂಧಾರವನ್ನು ಒತ್ತಿ ನೋಡಿ. ಎರಡೂ ಒಂದನ್ನೊಂದು ಉಜ್ಜುತ್ತವೆ. ಇನ್ನು ಗಮಕದ ಮಾತು ಬೇರೆಯೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯೇ ರಾಗವಾಗಿರುವ ಕಡೆ, ಬಿಳಿ ಮನೆ ಕರಿ ಮನೆಗಳು ಬರೀ ಮೈಲಿಗಲ್ಲುಗಳು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿ ಮೂರು ದಶಕ ಹೊರಗಿಟ್ಟಿದ್ದರ ಹಿಂದೆ ಈ ವಾದವೂ ಇತ್ತು. ಆ ನಿಷೇಧ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಮಾವನಂಥ ನೂರಾರು ಜನರ ಅನ್ನ ಆ ಪೆಟ್ಟಿಗೆಯೊಳಗಿತ್ತು. ಆದರೆ ಕೈ ಎತ್ತಬೇಕಾದ ಜಾಗ ಯಾವುದೆಂದು ಮಾವನಿಗೇ ಗೊತ್ತಿತ್ತಲ್ಲ, ಅದನ್ನೂ ಮರೆಯಬಾರದು.

‘ಜ್ಯೋತಿ’ಯಲ್ಲಿ ಪಿಯಾನೋ ಇಲ್ಲ. ಗಿಟಾರ್ ಇಲ್ಲ, ಬೇಸ್ ಇಲ್ಲ, ಡ್ರಮ್ಸ್ ಕೂಡ ಇಲ್ಲ. ರಮಾಮಣಿಯವರ ಕಂಠ ಮತ್ತು ತಂಬೂರಿ, ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಕೊನೆಯ ಇಬ್ಬರೂ ಕೊನ್ನಕೋಲು, ಅಂದರೆ ತಾಳದ ಅಕ್ಷರಗಳನ್ನು ಬಾಯಲ್ಲೇ, ಹೇಳುತ್ತಾರೆ. ಇವರೆಲ್ಲ ಸೇರಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, 1964ರಲ್ಲಿ ಬೆಂಗಳೂರಿನಲ್ಲಿ ಮಣಿಯವರು ಕಟ್ಟಿದ ತಾಳವಾದ್ಯ ಶಾಲೆ. ಹೊರಗಿನವರೆಂದರೆ ಒಬ್ಬರೇ: ಸೋಪ್ರಾನೋ ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದ ಚಾರ್ಲಿ ಮರಿಯಾನೊ.

ಮರಿಯಾನೊ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಸ್ಟಾನ್ ಕೆಂಟನ್‌ನ ದೊಡ್ಡ ಬ್ಯಾಂಡಿನಲ್ಲಿ ಊದಿದವರು. ಜಪಾನಿನ ಪಿಯಾನೋ ವಾದಕಿ ತೊಶಿಕೊ ಅಕಿಯೋಶಿಯನ್ನು ಮದುವೆಯಾಗಿ ಅವಳೊಡನೆ ತಂಡ ಕಟ್ಟಿದವರು. 1963ರ ಜನವರಿಯಲ್ಲಿ ಚಾರ್ಲ್ಸ್ ಮಿಂಗಸ್ ಮುದ್ರಿಸಿದ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಎದೆ ಸೀಳುವ ಹಾಗೆ ಅಳುವ ಆ ಆಲ್ಟೊ ಸ್ಯಾಕ್ಸೊಫೋನ್ ಇವರದು. ಜಾಜ್‌ನ ಆ ಎತ್ತರ ಮುಟ್ಟಿದವರು ಅರವತ್ತರ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಕಲಿಯಲು ಕೂತರು. ನಲವತ್ತು ದಾಟಿದ ಮೇಲೆ ಹೊಸ ಸೀವಾಳಿಯನ್ನು ತುಟಿಗಿಟ್ಟು ಸರಳೆಯಿಂದ ಶುರುಮಾಡುವುದೆಂದರೆ ಏನೆಂದು ಊದುವವರನ್ನು ಕೇಳಬೇಕು.

ನಾಗಸ್ವರ ಕಲಿತವರಿಗೆ ಗೊತ್ತಿರುತ್ತದೆ: ರಂಧ್ರ ಸ್ವರದ ಜಾಗವನ್ನಷ್ಟೇ ತೋರಿಸುತ್ತದೆ, ಸ್ವರ ಹುಟ್ಟುವುದು ತುಟಿ ಮತ್ತು ಉಸಿರಿನ ಬಿಗಿಯಲ್ಲಿ. ಸ್ಯಾಕ್ಸೊಫೋನ್‌ಗೂ ಕೀಲಿಗಳಿವೆ, ಆದರೂ ಅದು ಪಿಯಾನೋದಂತೆ ಹಟಮಾರಿಯಲ್ಲ. ತುಟಿ ಸಡಿಲಿಸಿದರೆ ಸ್ವರ ಬಾಗುತ್ತದೆ. ‘ಜ್ಯೋತಿ’ಯಲ್ಲಿ ಮರಿಯಾನೊ ಮಾಡಿದ್ದು ಇದನ್ನೇ. ರಮಾಮಣಿ ಒಂದು ಸ್ವರವನ್ನು ತೂಗಿ ಬಿಟ್ಟ ಕಡೆಯಿಂದಲೇ ಅವರು ಎತ್ತಿಕೊಳ್ಳುತ್ತಾರೆ. ಅವರು ಹೊತ್ತು ತಂದ ಜಾಜ್ ವಿದ್ಯೆಯ ದೊಡ್ಡ ಗಂಟು, ಅಂದರೆ ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಒಂದರ ಹಿಂದೊಂದು ಬದಲಾಗುತ್ತ ಹೋಗುವ ದಾರಿಯಲ್ಲಿ ಓಡುವ ಚಾತುರ್ಯ, ಇಲ್ಲಿ ಬಿಚ್ಚುವುದೇ ಇಲ್ಲ. ಷಡ್ಜ ಅಲುಗದೆ ನಿಂತಿದೆ, ಓಡುವುದೆಲ್ಲಿಗೆ? ಉಳಿದದ್ದು ಅವರ ಸ್ವರದ ಮೈ. ಮಿಂಗಸ್‌ನ ರೆಕಾರ್ಡಿನಲ್ಲಿ ಕೇಳಿದ ಅದೇ ಅಳಲು ಇಲ್ಲಿ ಮೆತ್ತಗಾಗಿ, ಉದ್ದವಾಗಿ, ತಂಬೂರಿಗೆ ಒರಗಿಕೊಂಡು ಬರುತ್ತದೆ.

ಎರಡು ಸಂಗೀತಗಳನ್ನು ಕೂಡಿಸಿದ ರೆಕಾರ್ಡುಗಳನ್ನು ನಾನು ರಾಶಿ ಕೇಳಿದ್ದೇನೆ. ಬಹುಪಾಲು ಕಡೆ ಬಾಗುವುದು ನಮ್ಮ ಕಡೆಯವರೇ. ಕೀಬೋರ್ಡ್ ಕಾರ್ಡು ಹಾಸುತ್ತದೆ, ಹಾಡುವವರು ಆ ಹಾಸಿನ ಮೇಲೆ ಕಾಲಿಟ್ಟು ಗಮಕವನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ಕೊನೆಗೆ ರಾಗದ ಹೆಸರು ಉಳಿದು ರಾಗ ಹೋಗಿರುತ್ತದೆ. ಈ ರೆಕಾರ್ಡಿನಲ್ಲಿ ಬಾಗಿದ್ದು ಅರವತ್ತಕ್ಕೆ ಕಾಲಿಟ್ಟಿದ್ದ ಅಮೆರಿಕದ ವಾದಕ. ರಮಾಮಣಿಯವರ ದನಿ ತಾನು ಕೂತಲ್ಲಿಂದ ಒಂದಂಗುಲವೂ ಸರಿದಿಲ್ಲ. ಇಷ್ಟು ವರ್ಷವಾದರೂ ಈ ರೆಕಾರ್ಡು ಹಳಸದೆ ಉಳಿದಿರುವುದು ಇದರಿಂದಲೇ ಎಂಬುದು ನನ್ನ ಗಟ್ಟಿ ನಂಬಿಕೆ.

ರಮಾಮಣಿ ಪಿಯಾನೋವನ್ನು ದೂರ ಇಟ್ಟವರು ಎಂದೇನೂ ಇಲ್ಲ. ಡಾರ್ಜಿಲಿಂಗ್‌ನಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಸಿದ ಲೂಯಿ ಬ್ಯಾಂಕ್ಸ್ ಭಾರತದ ಜಾಜ್ ಪಿಯಾನೋಗೆ ದೊಡ್ಡ ಹೆಸರು. ಅವರ ಜೊತೆಗೂ ಈಕೆ ಹಾಡಿದ್ದಾರೆ.

ಜಾಜ್‌ನವರಿಗೂ ಪಿಯಾನೋ ಒಮ್ಮೊಮ್ಮೆ ಭಾರವೆನಿಸಿದ್ದುಂಟು. 1952ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೆರ್ರಿ ಮಲಿಗನ್ ಮತ್ತು ಚೆಟ್ ಬೇಕರ್ ಪಿಯಾನೋ ಇಲ್ಲದ ನಾಲ್ವರ ತಂಡ ಕಟ್ಟಿದಾಗ ಎಲ್ಲರ ಕಿವಿ ನೆಟ್ಟಗಾಯಿತು. ಎರಡು ದನಿಗಳು ಒಂದಕ್ಕೊಂದು ಬಳ್ಳಿಯಂತೆ ಹೆಣೆದುಕೊಳ್ಳುವುದು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. 1959ರಲ್ಲಿ ಆರ್ನೆಟ್ ಕೋಲ್ಮನ್ ನ್ಯೂಯಾರ್ಕಿಗೆ ಬಂದದ್ದೂ ಪಿಯಾನೋ ಇಲ್ಲದೆಯೇ. ಆದ್ದರಿಂದ ಮರಿಯಾನೊ ಪಿಯಾನೋ ಬಿಟ್ಟು ಕೂತದ್ದು ಜಾಜ್‌ಗೆ ಬಗೆದ ದ್ರೋಹವಲ್ಲ.

ಇನ್ನು ಕೊನ್ನಕೋಲು. ಜಾಜ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವುದಕ್ಕೆ ಸ್ಕ್ಯಾಟ್ ಎನ್ನುತ್ತಾರೆ, 1926ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅದನ್ನು ಮನೆಮಾತು ಮಾಡಿದ. ಕೊನ್ನಕೋಲನ್ನು ಕೇಳಿದ ಪಾಶ್ಚಾತ್ಯರು ಇದೂ ಅದೇ ಎಂದುಕೊಳ್ಳುವುದುಂಟು. ಎರಡರ ನಡುವೆ ಬಹಳ ಅಂತರವಿದೆ. ಸ್ಕ್ಯಾಟ್‌ನಲ್ಲಿ ಅಕ್ಷರ ಹಾಡುವವನ ಮರ್ಜಿ, ಆ ಕ್ಷಣಕ್ಕೆ ನಾಲಗೆಗೆ ಏನು ಬಂತೋ ಅದು. ಕೊನ್ನಕೋಲಿನಲ್ಲಿ ಅಕ್ಷರ ಮೃದಂಗದ ಪಾಠ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ, ಒಂಬತ್ತಕ್ಕೆ ತಕಧಿಮಿತಕತಕಿಟ. ಬಾಯಿಗೆ ಬಂದದ್ದು ಕೈಗೆ ಬರುತ್ತದೆ, ಬಾಯಿ ತಪ್ಪಿದರೆ ಕೈಯೂ ತಪ್ಪುತ್ತದೆ. ‘ಸಪ್ತರ್ಷಿ’, ‘ಕಾರ್ತೀಕ್’ ಎಂಬ ಹಾಡುಗಳನ್ನು ತೊಡೆಯ ಮೇಲೆ ತಾಳ ಹಾಕಿಕೊಂಡು ಕೇಳಿ. ಲೆಕ್ಕ ಎಷ್ಟೇ ಸುತ್ತಿದರೂ ಎಲ್ಲರೂ ಎಡುಪ್ಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬಂದು ಸೇರುವ ಗಳಿಗೆಯಲ್ಲಿ ಮರಿಯಾನೊ ಕೂಡ ಅಲ್ಲಿರುತ್ತಾರೆ. ಜಾಜ್‌ನ 32 ಬಾರುಗಳ ಸುತ್ತನ್ನು ಜೀವಮಾನವಿಡೀ ಒಳಗೇ ಎಣಿಸಿದ ಮೈಗೆ ಆವರ್ತವೆಂದರೇನು ಎಂದು ಹೇಳಿಕೊಡಬೇಕಿರಲಿಲ್ಲ. ಎರಡೂ ಕಡೆಯವರು ನಿಜಕ್ಕೂ ಒಂದೇ ಭಾಷೆಯಲ್ಲಿ ಮಾತಾಡಿದ್ದು ಇಲ್ಲಿ, ಸುತ್ತಿ ಬಂದು ಸೇರುವುದರಲ್ಲಿ.

ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದು ಬಂದವರು ಬಂಟ್ವಾಳ ತಾಲ್ಲೂಕಿನ ಕದ್ರಿ ಗೋಪಾಲನಾಥರು. ನಾಗಸ್ವರ ವಿದ್ವಾಂಸರ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತವರು. ಅದನ್ನು ಗಮಕಕ್ಕೆ ಒಗ್ಗಿಸಲು ವಾದ್ಯವನ್ನೇ ತಿದ್ದಿಕೊಂಡರು. 2008ರಲ್ಲಿ ಅವರೊಡನೆ ‘ಕಿನ್ಸ್‌ಮೆನ್’ ಎಂಬ ರೆಕಾರ್ಡು ಮಾಡಿದವರು ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ರುದ್ರೇಶ ಮಹಾಂತಪ್ಪ. ಇಟಲಿಯಲ್ಲಿ ಹುಟ್ಟಿ ಕೊಲರಾಡೊದಲ್ಲಿ ಬೆಳೆದವರು. ಆದರೂ ಮಹಾಂತಪ್ಪ ಎಂಬ ಹೆಸರಿಗೆ ದಾವಣಗೆರೆಯಲ್ಲಿ ಯಾರೂ ಪರಿಚಯ ಕೇಳುವುದಿಲ್ಲ. ಅವರಿಬ್ಬರ ಆ ರೆಕಾರ್ಡಿನಲ್ಲೂ ಪಿಯಾನೋ ಇಲ್ಲ. ಎ. ಕನ್ಯಾಕುಮಾರಿಯವರ ಪಿಟೀಲಿದೆ, ಮೃದಂಗವಿದೆ, ಗಿಟಾರ್, ಬೇಸ್, ಡ್ರಮ್ಸ್ ಇವೆ. ಎರಡು ಸ್ಯಾಕ್ಸೊಫೋನ್‌ಗಳು ಎದುರುಬದುರು ನಿಂತಾಗ ಯಾರದು ಯಾವುದೆಂದು ಗುರುತಿಸುವುದು ಕಷ್ಟವಲ್ಲ. ಒಬ್ಬರು ಸ್ವರದಿಂದ ಸ್ವರಕ್ಕೆ ಜಾರುತ್ತಾರೆ, ಇನ್ನೊಬ್ಬರು ನೆಗೆಯುತ್ತಾರೆ. ಗದ್ದಲ ಸ್ವಲ್ಪ ಜಾಸ್ತಿಯಾದರೂ ಹುರುಪಿನ ರೆಕಾರ್ಡು. ಹಗಲು ಹೊತ್ತಿನಲ್ಲಿ ಕೇಳುವಂಥದ್ದು.

ಮರಿಯಾನೊ ಕೊನೆಯ ದಿನಗಳನ್ನು ಕಳೆದದ್ದು ಜರ್ಮನಿಯ ಕೊಲೋನ್‌ನಲ್ಲಿ, 2009ರ ಜೂನ್‌ನಲ್ಲಿ ತೀರಿಕೊಂಡದ್ದೂ ಅಲ್ಲೇ. ಅದೇ ಊರಿನಲ್ಲಿ 1975ರ ಜನವರಿಯಲ್ಲಿ ಕೀತ್ ಜ್ಯಾರೆಟ್ ಒಬ್ಬನೇ ಪಿಯಾನೋ ಮುಂದೆ ಕೂತು ನುಡಿಸಿದ ಕಛೇರಿಯನ್ನು ಇದೇ ಇಸಿಎಂ ಕಂಪನಿ ಹೊರತಂದಿತು. ಜ್ಯಾರೆಟ್ ನುಡಿಸುತ್ತ ನುಡಿಸುತ್ತ ನರಳಿದಂತೆ, ಗುನುಗಿದಂತೆ ದನಿ ತೆಗೆಯುತ್ತಾನೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಅದು, ಎರಡು ಮನೆಗಳ ನಡುವಿನ ಜಾಗಕ್ಕೆ ಬೆರಳು ಹೋಗಲಾರದ್ದರಿಂದ ಗಂಟಲು ಹೊರಟಂತೆ ಕೇಳುತ್ತದೆ.

ಮಾವನಿಗೆ ಎಪ್ಪತ್ತೈದು ದಾಟಿದ ಮೇಲೆ ಒಂದು ಸಂಜೆ ಮನೆಗೆ ಬಂದಿದ್ದರು. ಬೆರಳು ಸೆಡೆತು ಪೆಟ್ಟಿಗೆ ಮುಟ್ಟುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮಂಡಕ್ಕಿ ತಿಂದು ಚಹಾ ಕುಡಿದ ಮೇಲೆ, ಏನೆಂದು ಹೇಳದೆಯೇ ‘ಜ್ಯೋತಿ’ ಹಾಕಿದೆ. ಮೊದಲ ಹಾಡಿಗೆ ಕಣ್ಣು ಮುಚ್ಚಿದವರು ಬಲಗೈಯನ್ನು ತೊಡೆಯಿಂದ ಒಂದು ಗೇಣು ಮೇಲೆತ್ತಿ ಹಾಗೇ ಹಿಡಿದರು, ಆಗ ಹಿಡಿಯುತ್ತಿದ್ದಂತೆಯೇ.

“ಪೆಟ್ಗಿ ಇಲ್ಲ ನೋಡು,” ಅಂದರು.

ಸ್ಯಾಕ್ಸೊಫೋನ್ ಬಂತು. ಸ್ವಲ್ಪ ಹೊತ್ತು ಕೇಳಿ, “ಊದಾಂವ ಯಾರು?” ಎಂದರು. ಅಮೆರಿಕದವರು ಮಾವಾ, ಬಾಸ್ಟನ್ ಎಂಬ ಊರು ಎಂದೆ. ಅವರು ತಲೆ ಅಲ್ಲಾಡಿಸಿದರು.

“ಊರು ಕೇಳಲಿಲ್ಲಪ್ಪಾ. ಮೇಷ್ಟ್ರು ಯಾರು?”

ನಾಗಸ್ವರದ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಆ ಹೆಣ್ಣುಮಗಳು ಒಬ್ಬಳೇ ಹಾಡಿದ್ದನ್ನು ಮತ್ತೊಮ್ಮೆ ಹಾಕು ಎಂದರು. ಹಾಕಿದೆ. ಕೈ ಮತ್ತೆ ಮೇಲೆದ್ದಿತು.