ಎರಡನೆಯ ಪಂಕ್ತಿಗೆ ಸರಿದ ಜೋಳ

ಮೈಸೂರಿನ ಡಾ. ಖಾದರ್ ವಲಿ ಅವರ ಆಹಾರಕ್ರಮದ ಬಗ್ಗೆ ಕೇಳದವರು ಇಂದು ಕನ್ನಡ ನಾಡಿನಲ್ಲಿ ಕಡಿಮೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಂಬ ಐದು ಸಿರಿಧಾನ್ಯಗಳನ್ನು ಅವರು ‘ಧನಾತ್ಮಕ’ ಎಂದು ಮೇಲಿಟ್ಟರು. ಜೋಳ, ಸಜ್ಜೆ, ರಾಗಿ, ಬರಗು ‘ತಟಸ್ಥ’ವಾದವು. ಅಕ್ಕಿ, ಗೋಧಿ ‘ಋಣಾತ್ಮಕ’ವಾಗಿ ಹೊರಗುಳಿದವು. ಒಂದೊಂದು ಸಿರಿಧಾನ್ಯವನ್ನು ಎರಡೆರಡು ದಿನ ಉಣ್ಣಬೇಕು, ಒಂದರೊಡನೆ ಇನ್ನೊಂದನ್ನು ಬೆರೆಸಬಾರದು, ತಾಸುಗಟ್ಟಲೆ ನೆನೆಸಿ ಬೇಯಿಸಬೇಕು, ಹಾಲು, ಚಹಾ, ಕಾಫಿ, ಸಕ್ಕರೆ ಬಿಡಬೇಕು, ಎಲೆಗಳ ಕಷಾಯ ಕುಡಿಯಬೇಕು ಎಂಬುದು ಅವರ ಕ್ರಮ. ಮರೆತೇ ಹೋಗುತ್ತಿದ್ದ ಕೊರಲೆಯಂಥ ಧಾನ್ಯ ಮತ್ತೆ ಅಂಗಡಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. 2023ರಲ್ಲಿ ಅವರಿಗೆ ಸಂದ ಪದ್ಮಶ್ರೀಗೆ ಆ ಕೆಲಸವೊಂದೇ ಸಾಕಿತ್ತು. ಆದರೆ ಧಾನ್ಯವನ್ನು ಉಳಿಸಿದ್ದು ಬೇರೆ, ಉಣ್ಣುವುದನ್ನು ಕಲಿಸಿದ್ದು ಬೇರೆ. ಇಷ್ಟು ಕಟ್ಟುನಿಟ್ಟಿನ ಕ್ರಮ ಜನರಿಗೆ ಆರೋಗ್ಯಕರವಾಗಿ ಉಣ್ಣಲು ನಿಜಕ್ಕೂ ನೆರವಾಗುತ್ತದೆಯೇ ಎಂಬುದನ್ನು ರಾಯಚೂರಿನಿಂದ ಮಂತ್ರಾಲಯದ ದಾರಿಯಲ್ಲಿರುವ ಯರಗೇರಾದಂಥ ಊರಿನಲ್ಲಿ ನಿಂತು ಕೇಳಿದರೆ ಉತ್ತರ ಹೆಚ್ಚು ಸ್ಪಷ್ಟವಾಗುತ್ತದೆ. ಈ ಸೀಮೆಯ ಮುಖ್ಯ ಊಟವಾದ ಜೋಳವೇ ಆ ವರ್ಗೀಕರಣದಲ್ಲಿ ಎರಡನೆಯ ಪಂಕ್ತಿಗೆ ಸರಿದಿದೆ.

ವರ್ಗೀಕರಣದ ಆಧಾರ ನಾರು. ಪಿಷ್ಟಕ್ಕೆ ಹೋಲಿಸಿದರೆ ನಾರು ಹೆಚ್ಚಿದ್ದಷ್ಟೂ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಅಂಥ ಧಾನ್ಯವೇ ಮೇಲು ಎಂಬುದು ವಾದ. ತತ್ವವನ್ನು ಒಪ್ಪಬಹುದು, ಅದರಿಂದ ಕಟ್ಟಿದ ಮೇಲು ಕೀಳನ್ನು ಒಪ್ಪುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಸಜ್ಜೆಯಲ್ಲಿ 11 ಗ್ರಾಂಗಿಂತ ಹೆಚ್ಚು. ಮೇಲಿನ ಪಂಕ್ತಿಯ ಸಾಮೆಯಲ್ಲಿ 8 ಗ್ರಾಂಗಿಂತ ಕಡಿಮೆ, ಹಾರಕದಲ್ಲಿ 6ಕ್ಕಿಂತ ತುಸು ಹೆಚ್ಚು. ಹೊರಗೆ ತಳ್ಳಿದ ಗೋಧಿಯಲ್ಲೂ, ಇಡಿಯಾಗಿ ಬೀಸಿದರೆ, 11 ಗ್ರಾಂ ಇದೆ. ಕಾರಣವೂ ಸರಳ. ಸಾಮೆ, ಹಾರಕಗಳ ಸಿಪ್ಪೆ ತೆಗೆಯದೆ ಉಣ್ಣಲಾಗುವುದಿಲ್ಲ. ಗಿರಣಿಯಲ್ಲಿ ಸಿಪ್ಪೆಯ ಜೊತೆ ತೌಡೂ ಹೋದರೆ ಅಂಗಡಿಯ ಪೊಟ್ಟಣದಲ್ಲಿ ಉಳಿಯುವುದು ಬಹುಪಾಲು ಪಿಷ್ಟವೇ. ಜೋಳವಾದರೋ ಕಾಳಿಗೆ ಕಾಳು ಗಿರಣಿಗೆ ಬಿದ್ದು, ತೌಡಿನ ಸಮೇತ ಹಿಟ್ಟಾಗಿ ರೊಟ್ಟಿಯಾಗುತ್ತದೆ. ಸಿರಿಧಾನ್ಯದ ಗುಣ ಸಾರಲು ಬಳಸುವ ಪುರಾವೆಯೂ ಜೋಳವನ್ನು ಬಿಟ್ಟು ಮಾತಾಡುವುದಿಲ್ಲ. ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದಲ್ಲಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಮಧುಮೇಹಿಗಳಲ್ಲಿ ಖಾಲಿಹೊಟ್ಟೆಯ ಸಕ್ಕರೆ ಸುಮಾರು ಶೇ. 12, ಊಟದ ನಂತರದ್ದು ಸುಮಾರು ಶೇ. 15 ಇಳಿದದ್ದನ್ನು ತೋರಿಸಿತು. ಅದು ಎಣಿಸಿದ ಧಾನ್ಯಗಳಲ್ಲಿ ಜೋಳ, ಸಜ್ಜೆ, ರಾಗಿ ಎಲ್ಲವೂ ಇದ್ದವು.

ಈ ಸೀಮೆಯ ನಿಜವಾದ ತೊಂದರೆ ಬೇರೆಡೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದವು. ನೀರಿನ ಹಿಂದೆ ಭತ್ತ ಬಂತು. 2013ರ ಅನ್ನಭಾಗ್ಯ ಯೋಜನೆ ಅಕ್ಕಿಯನ್ನು ಪ್ರತಿ ಬಡವನ ಮನೆಗೂ ಮುಟ್ಟಿಸಿತು. ಹಸಿವಿನ ಲೆಕ್ಕದಲ್ಲಿ ಅದು ದೊಡ್ಡ ಉಪಕಾರ, ಅದನ್ನು ಹಗುರಾಗಿ ಆಡುವುದು ತಪ್ಪು. ಆದರೆ ಎರಡೂ ಹೊತ್ತು ಪಾಲಿಶ್ ಅನ್ನ, ಜೊತೆಗೆ ನೀರಾದ ಸಾರು ಎಂಬಲ್ಲಿಗೆ ಊಟ ಬಂದು ನಿಂತರೆ ಕೊರತೆ ಇರುವುದು ಧಾನ್ಯದಲ್ಲಿ ಅಲ್ಲ, ಧಾನ್ಯದ ಪಕ್ಕದಲ್ಲಿ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ದಾಟಬಾರದು ಎನ್ನುತ್ತದೆ. ಉಳಿದದ್ದು ಬೇಳೆ, ಕಾಳು, ತರಕಾರಿ, ಸೊಪ್ಪು, ಹಾಲು, ಮೊಟ್ಟೆ, ಎಣ್ಣೆಬೀಜಗಳಿಂದ ಬರಬೇಕು. ಪುಂಡಿಪಲ್ಯ, ಹೆಸರುಕಾಳು, ತೊಗರಿಬೇಳೆ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೊಸರು ಇದ್ದ ರೊಟ್ಟಿಯೂಟ ಆ ಮಾರ್ಗಸೂಚಿಗೆ ಹತ್ತಿರದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ, ಶೇ. 30.1 ಮಂದಿಗೆ ಅತಿತೂಕ. ಒಂದೇ ರಾಜ್ಯದಲ್ಲಿ ಎರಡೂ ಇರುವಾಗ ಎಲ್ಲರಿಗೂ ಒಂದೇ ನಿಷೇಧದ ಪಟ್ಟಿ ಕೊಡುವುದು ಹೇಗೆ ಸರಿ? ಯಾವ ಧಾನ್ಯ ಶ್ರೇಷ್ಠ ಎಂಬ ಚರ್ಚೆಯಲ್ಲೇ ಗಮನವೆಲ್ಲ ತೀರಿಹೋದರೆ ತಾಟಿನ ಉಳಿದರ್ಧವನ್ನು ಯಾರೂ ನೋಡುವುದಿಲ್ಲ. ಈ ಕ್ರಮದ ಮೇಲೆ ನನಗಿರುವ ಮುಖ್ಯ ಆಕ್ಷೇಪ ಇದೇ.

ಸಾವಿರಾರು ಜನರಿಗೆ ಸಕ್ಕರೆ ಇಳಿದಿದೆ, ತೂಕ ಕಡಿಮೆಯಾಗಿದೆ, ಅದೆಲ್ಲ ಸುಳ್ಳೇ ಎಂದು ಕೇಳಬಹುದು. ಸುಳ್ಳೆನ್ನಲು ಕಾರಣವಿಲ್ಲ. ಸಕ್ಕರೆ, ಮೈದಾ, ಬೇಕರಿ ತಿಂಡಿ ಬಿಟ್ಟು, ಬಿಳಿ ಅನ್ನ ಇಳಿಸಿದವರಿಗೆ ಗುಣ ಕಾಣದಿದ್ದರೇ ಅಚ್ಚರಿ. ಆದರೆ ಆ ಗುಣ ಬಿಟ್ಟ ಪದಾರ್ಥಗಳಿಂದ ಬಂತೋ, ಎರಡೆರಡು ದಿನದ ಸರದಿಯಿಂದ ಬಂತೋ ಎಂದು ಬಿಡಿಸಿ ನೋಡದೆ ಕೀರ್ತಿಯನ್ನೆಲ್ಲ ಸರದಿಗೆ ಕೊಡಲಾಗದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಮೆದುವಾಗಿ ಹೇಳಿದರೆ ಜನ ಕೇಳುವುದಿಲ್ಲ, ಕಟ್ಟುನಿಟ್ಟಿದ್ದರೇ ಶಿಸ್ತು ಬರುತ್ತದೆ. ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅಟ್ಕಿನ್ಸ್, ಆರ್ನಿಶ್, ಜೋನ್, ವೇಟ್ ವಾಚರ್ಸ್ ಎಂಬ ನಾಲ್ಕು ಹೆಸರುವಾಸಿ ಕ್ರಮಗಳನ್ನು 160 ಜನರ ಮೇಲೆ ಒಂದು ವರ್ಷ ಹೋಲಿಸಿತು. ತೀರಾ ಬಿಗಿಯಾಗಿದ್ದ ಅಟ್ಕಿನ್ಸ್, ಆರ್ನಿಶ್ ಗುಂಪುಗಳಲ್ಲಿ ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕೈಬಿಟ್ಟಿದ್ದರು. ತೂಕ ಇಳಿದದ್ದು ಯಾವ ಕ್ರಮ ಹಿಡಿದರು ಎನ್ನುವುದಕ್ಕಿಂತ ಎಷ್ಟು ನಿಷ್ಠೆಯಿಂದ ನಡೆಸಿದರು ಎನ್ನುವುದನ್ನು ಅವಲಂಬಿಸಿತ್ತು. ಬಿಗಿಯಿಂದ ನಿಷ್ಠೆ ಹುಟ್ಟುವುದಾದರೆ ಆ ಎರಡು ಗುಂಪುಗಳೇ ಮುಂದಿರಬೇಕಿತ್ತು. ನಸುಕಿಗೆ ಎದ್ದು ರೊಟ್ಟಿ ಬಡಿದು ಹತ್ತಿ ಬಿಡಿಸಲು ಹೋಗುವ ಹೆಂಗಸಿಗೆ ದುಬಾರಿ ಧಾನ್ಯ ಕೊಂಡು, ತಾಸುಗಟ್ಟಲೆ ನೆನೆಸಿ, ಸರದಿ ಲೆಕ್ಕ ಇಡಲು ಸಾಧ್ಯವಿಲ್ಲ. ಅದಾಗದಿದ್ದರೆ ತನ್ನ ಊಟವೇ ಕೀಳು ಎಂಬ ಅಳುಕು ಮಾತ್ರ ಅವಳ ಪಾಲಿಗೆ ಉಳಿಯುತ್ತದೆ.

ಹಾಲು ಬಿಡಿ ಎಂಬ ಮಾತಂತೂ ಇನ್ನೂ ಎಚ್ಚರದಿಂದ ಆಡಬೇಕಾದದ್ದು. ಬದಲಿಗೆ ಹೇಳುವ ಎಳ್ಳಿನ ಹಾಲು, ಕೊಬ್ಬರಿ ಹಾಲು ನಗರದ ಅನುಕೂಲಸ್ಥರಿಗೆ ಎಟುಕಬಹುದು. ರಾಯಚೂರಿನ ಬಡ ಮಗುವಿಗೆ ಹಾಲು, ಮೊಸರು, ಮಜ್ಜಿಗೆಯೇ ಕೈಗೆ ಸಿಗುವ ಪೌಷ್ಟಿಕತೆ. ಸರ್ಕಾರ 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿತು. ಆಮೇಲೆ ನಡೆದ ಅಧ್ಯಯನದಲ್ಲಿ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳ ತೂಕ, ಸಿಗದ ಗದಗದ ಮಕ್ಕಳಿಗಿಂತ ಚೆನ್ನಾಗಿ ಏರಿದ್ದು ಕಂಡುಬಂತು. ಅಲ್ಲಿ ಯಾವ ಧಾನ್ಯವನ್ನೂ ನಿಷೇಧಿಸಿರಲಿಲ್ಲ, ಇದ್ದ ಊಟಕ್ಕೆ ಇಲ್ಲದ್ದನ್ನು ಸೇರಿಸಿದ್ದರು. ಸಕ್ಕರೆ ಕಾಯಿಲೆಯವರ ಸಂಗತಿ ಬೇರೆ. ಅವರು ಅನ್ನ ಇಳಿಸಿ ಜೋಳಕ್ಕೋ ನವಣೆಗೋ ಹೊರಳುವುದು ಒಳ್ಳೆಯದೇ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಒಮ್ಮೆಲೇ ಕಡಿತ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಊಟ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ ಔಷಧಿಯ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಸಾವಿರ ಜನರ ಸಭೆಯಲ್ಲಿ ಎಲ್ಲರಿಗೂ ಒಂದೇ ಕ್ರಮ ಹೇಳುವವರಿಂದ ಈ ಕೆಲಸ ಆಗುವುದಿಲ್ಲ.