ಲೋಟದ ಮೇಲಿನ ಬಿಳಿ ಪೊರೆ

ಡಿಶ್‌ವಾಷರ್ ತಂದ ಹೊಸದರಲ್ಲಿ ಎಲ್ಲವೂ ಫಳಫಳ. ಕೆಲವು ತಿಂಗಳು ಕಳೆಯಿತೋ ಇಲ್ಲವೋ, ದೂರು ಶುರು. ಸ್ಟೀಲ್ ಲೋಟದ ಮೇಲೆ ಬಿಳಿ ಚುಕ್ಕೆ, ಗಾಜಿನ ಮೇಲೆ ಮಬ್ಬು ಪೊರೆ, ತಟ್ಟೆ ಸವರಿದರೆ ಬೆರಳಿಗೆ ಹತ್ತುವ ಪುಡಿ. ಎರಡು ಗಂಟೆಗೂ ಮೇಲ್ಪಟ್ಟು ಗುರುಗುಟ್ಟಿದ ಯಂತ್ರ ಕೊನೆಗೆ ಕೊಟ್ಟದ್ದು ಇದನ್ನೇ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ? ಮನೆಯ ಹಿರಿಯರಿಗಂತೂ ಇಷ್ಟು ಸಿಕ್ಕರೆ ಸಾಕು, ಕೈಯಲ್ಲಿ ಉಜ್ಜಿದ್ದರೆ ಹೀಗಾಗುತ್ತಿತ್ತಾ ಎಂದು ಕೇಳಿಯೇ ಕೇಳುತ್ತಾರೆ.

2020ರ ಲಾಕ್‌ಡೌನ್‌ನಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಈ ಯಂತ್ರಕ್ಕೆ ನಮ್ಮ ನಗರಗಳಲ್ಲಿ ಇದ್ದಕ್ಕಿದ್ದಂತೆ ಬೇಡಿಕೆ ಬಂತು. ಯಂತ್ರದ ಜೊತೆ ಬರಬೇಕಿದ್ದ ತಿಳಿವಳಿಕೆ ಮಾತ್ರ ಬರಲಿಲ್ಲ. ಹಾಗಾಗಿ ಪೊರೆ ಕಂಡಾಗ ನಾವು ಮಾಡುವುದು ಬಹುತೇಕ ಒಂದೇ: ಮೊದಲು ಡಿಟರ್ಜೆಂಟ್ ಟ್ಯಾಬ್ಲೆಟ್ ಬದಲಿಸುವುದು, ಆಮೇಲೆ ಯಾರೋ ಹೇಳಿದರೆಂದು ವಿನೆಗರ್ ಸುರಿಯುವುದು, ಅದಕ್ಕೂ ಬಗ್ಗದಿದ್ದರೆ ಸರ್ವೀಸ್‌ನವರಿಗೆ ಫೋನ್. ನೀರಿನ ಕಡೆ ಕಣ್ಣು ಹೋಗುವುದು ಕಟ್ಟಕಡೆಗೆ. ಈ ಕ್ರಮ ಪೂರ್ತಿ ತಲೆಕೆಳಗು.

ಪೊರೆ ಯಾವ ಜಾತಿಯದು ಎಂದು ತಿಳಿಯದೆ ಮದ್ದು ಹಾಕಿ ಏನು ಫಲ? ತಿಳಿಯುವುದಕ್ಕೆ ಒಂದು ಹೋಳು ನಿಂಬೆಹಣ್ಣು ಸಾಕು. ಮಬ್ಬಾದ ಗಾಜಿನ ಲೋಟದ ಒಂದು ಪಕ್ಕಕ್ಕೆ ಅದನ್ನು ತಿಕ್ಕಿ, ಐದು ನಿಮಿಷ ಬಿಟ್ಟು, ತೊಳೆದು ಒರೆಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ತಿಕ್ಕಿದ ಪಕ್ಕ ಮಾತ್ರ ತಿಳಿಯಾಗಿ, ಉಳಿದದ್ದು ಹಾಗೇ ಮಂಕಾಗಿದ್ದರೆ ಅದು ಸುಣ್ಣ; ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಹುಳಿಗೆ ಕರಗದೆ ಉಗುರಿಗೆ ಜಿಡ್ಡು ಹತ್ತಿದರೆ ಎಣ್ಣೆ ಬಿಟ್ಟಿಲ್ಲ. ಎರಡೂ ಅಲ್ಲ, ಮಬ್ಬು ಜಪ್ಪಯ್ಯ ಎಂದರೂ ಹೋಗುವುದಿಲ್ಲ ಎಂದಾದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಈ ಸವೆತ ಬರುವುದು ಹೆಚ್ಚಾಗಿ ಮೆದು ನೀರಿನಲ್ಲಿ, ಡಿಟರ್ಜೆಂಟ್ ಅತಿಯಾಗಿ ಬಿದ್ದು ಬಿಸಿಯೂ ಜೋರಾದಾಗ. ಸುಣ್ಣವೆಂದು ಭಾವಿಸಿ ಇನ್ನಷ್ಟು ಡಿಟರ್ಜೆಂಟ್ ಸುರಿದವರು ಇಂಥ ಲೋಟವನ್ನು ಇನ್ನೂ ಬೇಗ ಕೆಡಿಸುತ್ತಾರೆ.

ಬೆಂಗಳೂರಿನ ಮಟ್ಟಿಗೆ ಮೊದಲ ಅನುಮಾನ ಸುಣ್ಣದ ಮೇಲೆಯೇ ಇರಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿಲ್ಲದ ಕಡೆ 600ರವರೆಗೂ ನಡೆಯುತ್ತದೆ. ಕುಡಿಯಲು ನಡೆಯುವ ಈ ನೀರು ಗಾಜಿಗೆ ನಡೆಯುವುದಿಲ್ಲ. ಕೈಯಲ್ಲಿ ತೊಳೆದ ಪಾತ್ರೆಯನ್ನು ಬಟ್ಟೆಯಲ್ಲಿ ಒರೆಸುತ್ತೇವೆ, ಹುಣಸೆಹಣ್ಣು ಹಾಕಿ ಉಜ್ಜಿದರೆ ಆ ಹುಳಿಯೇ ಸುಣ್ಣವನ್ನು ತೆಗೆಯುತ್ತದೆ. ಯಂತ್ರದಲ್ಲಿ ನೀರು ಬಿಸಿಗೆ ಇದ್ದಲ್ಲೇ ಆರುತ್ತದೆ, ಅದರಲ್ಲಿದ್ದ ಸುಣ್ಣ ಪಾತ್ರೆಗೆ ಅಂಟಿಕೊಳ್ಳುತ್ತದೆ. ಹಿರಿಯರ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ.

ಇದನ್ನು ಊಹಿಸಿಯೇ ನಮ್ಮಲ್ಲಿ ಮಾರುವ ಬಹುಪಾಲು ಯಂತ್ರಗಳ ತಳದಲ್ಲಿ ನೀರು ಮೆದುಗೊಳಿಸುವ ಒಂದು ಪುಟ್ಟ ವ್ಯವಸ್ಥೆ ಇಟ್ಟಿದ್ದಾರೆ. ಒಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿಹೋದಾಗ ಅವನ್ನು ತೊಳೆದು ಮತ್ತೆ ಸಜ್ಜು ಮಾಡುವುದು ನಾವು ಹಾಕುವ ಹರಳುಪ್ಪು. ಉಪ್ಪು ಪಾತ್ರೆ ತೊಳೆಯುವುದಕ್ಕಲ್ಲ, ಈ ಮಣಿಗಳಿಗೆ. ಅಡುಗೆಯ ಪುಡಿಯುಪ್ಪು ಇಲ್ಲಿ ಸಲ್ಲದು. ಅದು ಗಟ್ಟಿಕಟ್ಟದಿರಲೆಂದು ಬೆರೆಸಿದ ಪದಾರ್ಥಗಳು ಮಣಿಗಳಿಗೆ ಅಡ್ಡಬರುತ್ತವೆ. ಎಷ್ಟು ತೊಳೆತಕ್ಕೊಮ್ಮೆ ಮಣಿಗಳನ್ನು ಸಜ್ಜು ಮಾಡಬೇಕು ಎಂಬುದನ್ನು ಯಂತ್ರಕ್ಕೆ ನಾವೇ ಹೇಳಬೇಕು. ಅದಕ್ಕೆ ಗಡಸುತನದ ಒಂದು ಸೆಟ್ಟಿಂಗ್ ಇದೆ, ಮತ್ತು ನನ್ನ ದೊಡ್ಡ ತಕರಾರು ಇರುವುದು ಅದರ ಬಗ್ಗೆಯೇ. ಯಂತ್ರ ಕೂರಿಸಲು ಬಂದ ಹುಡುಗ ಒಂದು ಸಂಖ್ಯೆ ಒತ್ತಿ ಹೋಗಿರುತ್ತಾನೆ, ಎಷ್ಟೋ ಸಲ ಕಾರ್ಖಾನೆಯಿಂದ ಬಂದದ್ದನ್ನೇ ಬಿಟ್ಟು ಹೋಗಿರುತ್ತಾನೆ. ನಮ್ಮ ನಲ್ಲಿಯ ನೀರು ಆ ಸಂಖ್ಯೆಗೆ ನಿಷ್ಠವಾಗಿರುವುದಿಲ್ಲ. ಮಳೆಗಾಲದಲ್ಲಿ ಕಾವೇರಿ, ಬೇಸಿಗೆಯಲ್ಲಿ ಬೋರ್‌ವೆಲ್, ಅದೂ ಬತ್ತಿದರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಅಪಾರ್ಟ್‌ಮೆಂಟುಗಳು ಕಂಡದ್ದು ಇದನ್ನೇ. ಸಂಪಿನಲ್ಲಿ ಮೂರೂ ಬೆರೆತು ಮೇಲೇರುವ ನೀರಿಗೆ ವರ್ಷವಿಡೀ ಒಂದೇ ಸಂಖ್ಯೆ ಹೇಗೆ ಸಾಕಾದೀತು? ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಇಡೀ ಕಟ್ಟಡಕ್ಕೇ ಸಾಫ್ಟ್‌ನರ್ ಇರುತ್ತದೆ. ಅಲ್ಲಿ ಸಮಸ್ಯೆ ಉಲ್ಟಾ, ಗಾಜು ಸವೆಯುವ ಭಯ.

ಇನ್ನು ‘ಆಲ್ ಇನ್ ಒನ್’ ಟ್ಯಾಬ್ಲೆಟ್. ಉಪ್ಪು ಬೇಡ, ರಿನ್ಸ್ ಏಡ್ ಬೇಡ, ಇದೊಂದೇ ಸಾಕು ಎನ್ನುವ ಈ ಮಾತನ್ನು ಯುರೋಪಿನ ಯಂತ್ರಗಳ ಕೈಪಿಡಿಗಳೇ ಪೂರ್ತಿ ಒಪ್ಪುವುದಿಲ್ಲ. ಸಾಮಾನ್ಯವಾಗಿ 21 ಜರ್ಮನ್ ಡಿಗ್ರಿ ಗಡಸುತನದವರೆಗೆ ಟ್ಯಾಬ್ಲೆಟ್ ಸಾಕು, ಅದರಾಚೆ ಉಪ್ಪು ಹಾಕಿ ಎನ್ನುತ್ತವೆ. ಲೆಕ್ಕ ಹಾಕಿದರೆ ಅದು ಲೀಟರಿಗೆ ಸುಮಾರು 375 ಮಿಲಿಗ್ರಾಂ. ಇದನ್ನು ಮೀರುವ ಬೋರ್‌ವೆಲ್‌ಗಳು ನಮ್ಮಲ್ಲಿ ಅಪರೂಪವೇನಲ್ಲ. ಅಂಥ ನೀರಿನಲ್ಲಿ ದುಬಾರಿ ಟ್ಯಾಬ್ಲೆಟ್ ಒಂದನ್ನೇ ನಂಬುವುದಕ್ಕಿಂತ ಪುಡಿ, ಉಪ್ಪು, ರಿನ್ಸ್ ಏಡ್ ಮೂರನ್ನೂ ಬೇರೆಬೇರೆ ಹಾಕುವುದು ಮೇಲು. ಪುಡಿಯಾದರೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಟ್ಯಾಬ್ಲೆಟ್‌ನಲ್ಲಿ ಆ ಸೌಕರ್ಯವಿಲ್ಲ. ರಿನ್ಸ್ ಏಡ್ ನೀರು ಹನಿಗಟ್ಟದೆ ಜಾರಿ ಹೋಗುವಂತೆ ಮಾಡುತ್ತದೆ. ಅದೂ ಅತಿಯಾದರೆ ಗಾಜಿನ ಮೇಲೆ ನೀಲಿ ಛಾಯೆ ಬಿಡುತ್ತದೆ.

ಈ ಬಿಳಿ ಪೊರೆ ನಮ್ಮೂರಿಗಷ್ಟೇ ಅಂಟಿದ ಪೀಡೆಯಲ್ಲ. ಹಿಂದೆ ಡಿಶ್‌ವಾಷರ್ ಪುಡಿಯಲ್ಲಿ ಧಾರಾಳವಾಗಿ ಫಾಸ್ಫೇಟ್ ಇರುತ್ತಿತ್ತು, ಸುಣ್ಣವನ್ನು ಹಿಡಿದಿಡುವ ಕೆಲಸ ಅದರದು. ತೊಳೆದ ನೀರಿನ ಜೊತೆ ಅದು ಕೆರೆ, ನದಿ ಸೇರಿ ಪಾಚಿಗೆ ಗೊಬ್ಬರವಾಗುತ್ತಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಕೌಂಟಿಯಲ್ಲಿ 2008ರಲ್ಲಿ ಅದಕ್ಕೆ ಕಡಿವಾಣ ಬಿದ್ದಾಗ, ತಟ್ಟೆ ಮಬ್ಬಾಯಿತೆಂದು ಜನ ಪಕ್ಕದ ಐಡಾಹೋಗೆ ಹೋಗಿ ಹಳೆಯ ಡಿಟರ್ಜೆಂಟ್ ತರತೊಡಗಿದ್ದರು. 2010ರ ಜುಲೈಯಿಂದ ಹಲವು ರಾಜ್ಯಗಳಲ್ಲಿ ಇದೇ ನಿಯಮ ಬಂತು, ಕಂಪನಿಗಳು ಇಡೀ ದೇಶದಲ್ಲೇ ಫಾಸ್ಫೇಟ್ ಕೈಬಿಟ್ಟವು. ಯುರೋಪಿಯನ್ ಒಕ್ಕೂಟ 2017ರ ಜನವರಿಯಿಂದ ಮಿತಿ ಹೇರಿತು. ಯಂತ್ರ ಬದಲಾಗಿರಲಿಲ್ಲ, ನೀರೂ ಬದಲಾಗಿರಲಿಲ್ಲ. ಸುಣ್ಣವನ್ನು ಮರೆಮಾಚುತ್ತಿದ್ದ ಒಂದು ಪದಾರ್ಥ ಹೋಯಿತು, ಅಷ್ಟೇ. ಹಾಗೆಂದು ಫಾಸ್ಫೇಟ್ ಮರಳಿ ಬರಲಿ ಎನ್ನಲು ನನಗೆ ಬಾಯಿ ಬಾರದು. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ ರಸ್ತೆಗೆ ಎಸೆದದ್ದನ್ನು, ಅದರ ಮೇಲೆ ಕಳೆ ಹಬ್ಬಿದ್ದನ್ನು ಕಂಡವರು ಯಾರೂ ಹಾಗೆ ಕೇಳಲಾರರು.

ಯಂತ್ರವನ್ನೂ ನೋಡಬೇಕು, ಆದರೆ ಅದು ಹತ್ತು ನಿಮಿಷದ ಕೆಲಸ. ಕೆಳಗಿನ ಫಿಲ್ಟರ್ ತಿರುಗಿಸಿ ತೆಗೆದರೆ ಕರಿಬೇವಿನ ಎಲೆ, ತೆಂಗಿನ ತುರಿಯ ನಾರು ಲೋಳೆಗಟ್ಟಿ ಕೂತಿರುತ್ತವೆ. ನೀರು ಚಿಮ್ಮುವ ತೋಳನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಒಳಗೆ ಗಿಲಿಗಿಲಿ ಎಂದರೆ ಒಗ್ಗರಣೆಯ ಸಾಸಿವೆ. ಒಂದೇ ಒಂದು ಕಾಳು ತೂತಿಗೆ ಸಿಕ್ಕಿಕೊಂಡರೆ ಅದರ ನೇರಕ್ಕಿರುವ ಪಾತ್ರೆಗೆ ನೀರಿಲ್ಲ. ಪಿನ್ನಿನಿಂದ ತೆಗೆದುಬಿಡಿ. ಎತ್ತರದ ತಟ್ಟೆ ಅಡ್ಡ ನಿಂತು ಟ್ಯಾಬ್ಲೆಟ್ ಬಾಗಿಲು ತೆರೆಯದೆ ಹೋಗುವುದೂ ಉಂಟು.

ವಿನೆಗರ್ ಮನೆಮದ್ದಿನ ಬಗ್ಗೆ ನನಗೆ ಗೌರವ ಕಡಿಮೆ. ಕಟ್ಟಿದ ಸುಣ್ಣವನ್ನು ಅದು ಒಮ್ಮೆ ಕರಗಿಸೀತು, ಮರುದಿನದ ನೀರು ಮತ್ತೆ ಸುಣ್ಣವನ್ನೇ ತರುತ್ತದೆ. ರಿನ್ಸ್ ಏಡ್ ಜಾಗದಲ್ಲಿ ಸದಾ ಅದನ್ನೇ ತುಂಬಿಟ್ಟರೆ ರಬ್ಬರಿಗೂ ಒಳ್ಳೆಯದಲ್ಲ. ಪಾತ್ರೆಯನ್ನು ಮೊದಲೇ ಕೈಯಲ್ಲಿ ಪೂರ್ತಿ ತೊಳೆದು ಯಂತ್ರಕ್ಕಿಡುವುದೂ ದಂಡ. ಮುದ್ದೆ, ಅನ್ನದ ಗಂಜಿ ಬಿಡಿಸಲೆಂದೇ ಈಗಿನ ಡಿಟರ್ಜೆಂಟ್‌ನಲ್ಲಿ ಕಿಣ್ವಗಳಿವೆ. ಮುಸುರೆ ಕೆರೆದು ಬಿಸಾಡಿದರೆ ಸಾಕು. ಅಲ್ಯೂಮಿನಿಯಂ ಕುಕ್ಕರನ್ನು ಮಾತ್ರ ದಯವಿಟ್ಟು ಒಳಗಿಡಬೇಡಿ. ಕ್ಷಾರಕ್ಕೆ ಅದು ಕಪ್ಪಾಗುತ್ತದೆ, ಆ ಕಪ್ಪಿಗೂ ಪೊರೆಗೂ ಸಂಬಂಧವಿಲ್ಲ.

ಯಂತ್ರ ಮಾರುವವರು ಕೂರಿಸುವ ದಿನವೇ ಗ್ರಾಹಕರ ಕಣ್ಣೆದುರು ನೀರು ಪರೀಕ್ಷಿಸಿ ಸಂಖ್ಯೆ ಹಾಕಬೇಕು, ಅದನ್ನು ಬದಲಿಸುವುದು ಹೇಗೆಂದು ಕನ್ನಡದಲ್ಲಿ ಬರೆದು ಕೊಡಬೇಕು. ಅಲ್ಲಿಯವರೆಗೆ ಆ ಕೆಲಸ ನಮ್ಮದೇ. ಮುಂದಿನ ಟ್ಯಾಬ್ಲೆಟ್ ಡಬ್ಬಿಗೆ ದುಡ್ಡು ಕೊಡುವ ಮೊದಲು ಗಡಸುತನ ಅಳೆಯುವ ಕಾಗದದ ಪಟ್ಟಿ ತರಿಸಿ ನಲ್ಲಿ ನೀರಿನಲ್ಲಿ ಅದ್ದಿ ನೋಡಿ, ಸೆಟ್ಟಿಂಗ್ ಸರಿಮಾಡಿ, ಉಪ್ಪು ತುಂಬಿಸಿ. ಟ್ಯಾಂಕರ್ ಬರಲು ಶುರುವಾದ ವಾರ ಇನ್ನೊಮ್ಮೆ ಅದ್ದಿ ನೋಡಿ.